ಹೆಣ್ಣು ರೋಗಿಗೆ ಗಂಡು ನರ್ಸ್: ಕ್ಯಾತಿಟರ್ ಹಾಕುವ ಮುನ್ನ ಮತ್ತು ಹಾಕುವಾಗ

ಹೆಂಗಸರಿಗೆ ಕ್ಯಾತಿಟರ್ (ಮೂತ್ರ ಹೊರತೆಗೆಯುವ ನಳಿಗೆ) ಹಾಕುವ ವಿಧಾನ ನರ್ಸಿಂಗ್ ಪರೀಕ್ಷೆಗೆ ಬಂದರೆ ಟ್ರೇಯ ಸಾಮಾನಿನ ಪಟ್ಟಿ ಉದ್ದಕ್ಕೆ ಬರೆದು, 'ವಿವರಿಸಿ ಒಪ್ಪಿಗೆ ಪಡೆಯುವುದು' ಅಂತ ಒಂದು ಸಾಲು ಹಾಕಿ ಮುಂದೆ ಹೋಗುತ್ತೇವೆ. ಗಂಡು ವಿದ್ಯಾರ್ಥಿಗಳು ವಾರ್ಡಿನಲ್ಲಿ ತಡವರಿಸುವುದು ಆ ಒಂದು ಸಾಲಿನಲ್ಲೇ.

ಕೇಳಬೇಕಾದ್ದು ರೋಗಿಯನ್ನು, ಪಕ್ಕದಲ್ಲಿ ನಿಂತ ಗಂಡನನ್ನೋ ಅತ್ತೆಯನ್ನೋ ಅಲ್ಲ. "ಅಮ್ಮಾ, ಮೂತ್ರ ಕಟ್ಟಿದೆ, ನಳಿಗೆ ಹಾಕಬೇಕು. ನಾನು ಹಾಕಬಹುದಾ, ಸಿಸ್ಟರನ್ನ ಕರೀಲಾ?" ಈ ಎರಡನೆಯದನ್ನು ಬಾಯಿಬಿಟ್ಟು ಹೇಳದಿದ್ದರೆ ಕೇಳಿದರೂ ಕೇಳದ ಹಾಗೆಯೇ; ಆಸ್ಪತ್ರೆಯವರ ಎದುರು 'ಬೇಡ' ಅನ್ನಲು ಎಷ್ಟೋ ಹೆಂಗಸರಿಗೆ ಬಾಯಿ ಬರುವುದಿಲ್ಲ. ಹೂಂ ಅಂದವಳು ಹೊದಿಕೆಯ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಿದ್ದರೆ ಅದನ್ನು ಒಪ್ಪಿಗೆ ಎಂದುಕೊಳ್ಳಬೇಡಿ.

ಜೊತೆಗೊಬ್ಬ ಹೆಂಗಸು ಬೇಕು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನ ಪ್ರಕಾರ, ಪುರುಷ ವೈದ್ಯರು ಪರೀಕ್ಷಿಸುವಾಗ ಮಹಿಳೆಯೊಬ್ಬರು ಹತ್ತಿರ ಇರುವುದು ರೋಗಿಯ ಹಕ್ಕು, ಒದಗಿಸುವುದು ಆಸ್ಪತ್ರೆಯ ಹೊಣೆ. ನರ್ಸಿಗೂ ಇದೇ ಅಳತೆ ಎಂದುಕೊಂಡರೆ ಕ್ಷೇಮ. ಪರದೆಯಾಚೆ ಫೋನ್ ನೋಡುತ್ತ ಕೂತ ಆಯಾ ಲೆಕ್ಕಕ್ಕಿಲ್ಲ. ರೋಗಿಯ ತಲೆಯ ಬಳಿ, ನಿಮ್ಮ ಕೈ ಕಾಣುವಂತೆ ನಿಲ್ಲಬೇಕು.

ಕೆಲಸ ಶುರುವಾದ ಮೇಲೆ ಮರ್ಯಾದೆ ಉಳಿಸುವುದು ಪಳಗಿದ ಕೈ. ಮೊಣಕಾಲು ಮಡಿಸಿ ಮಲಗಿಸಿ, ಹೊದಿಕೆಯನ್ನು ವಜ್ರಾಕಾರದಲ್ಲಿ ಹಾಸಿ ಮೂಲೆಗಳನ್ನು ಕಾಲಿಗೆ ಸುತ್ತಿ. ಟ್ರೇ ಪೂರ್ತಿ ಸಿದ್ಧವಾದ ಮೇಲೆಯೇ ಹೊದಿಕೆ ತೆರೆಯಿರಿ, ಬೇಕಾದಷ್ಟೇ. ಒರೆಸುವುದು ಮುಂದಿನಿಂದ ಹಿಂದಕ್ಕೆ, ಪ್ರತಿ ಸಲ ಹೊಸ ಹತ್ತಿ. ಹೆಂಗಸರ ಮೂತ್ರನಾಳ ಸುಮಾರು 4 ಸೆಂ.ಮೀ. ಅಷ್ಟೆ. ನಳಿಗೆ ತಪ್ಪಿ ಯೋನಿಗೆ ಹೋದರೆ ಗುರುತಿಗೆಂದು ಅಲ್ಲೇ ಬಿಟ್ಟು, ಹೊಸ ಸ್ಟೆರೈಲ್ (ರೋಗಾಣುರಹಿತ) ಕ್ಯಾತಿಟರನ್ನು ಅದರ ಮೇಲಿನ ದ್ವಾರಕ್ಕೆ ಹಾಕಿ, ಆಮೇಲೆ ಮೊದಲಿನದನ್ನು ತೆಗೆಯಿರಿ. ಸಂಕೋಚಪಟ್ಟು ಅತ್ತ ನೋಡುತ್ತ ಅಂದಾಜಿನ ಮೇಲೆ ಹಾಕಹೋದರೆ ಹೀಗಾಗುವ ಸಂಭವ ಹೆಚ್ಚು. ಆಕೆಗೆ ಅದೇ ಮುಜುಗರ ಎರಡು ಸಲ.

ಅಮೆರಿಕದ ಅರ್ಕಾನ್ಸಾದಲ್ಲಿ ಗಂಡು ಎಂಬ ಕಾರಣಕ್ಕೆ ಹೆರಿಗೆ ವಾರ್ಡಿನ ಕೆಲಸ ಸಿಗದ ನರ್ಸೊಬ್ಬರು ಹೂಡಿದ ಮೊಕದ್ದಮೆಯಲ್ಲಿ, 1981ರಲ್ಲಿ ಕೋರ್ಟು ಆಸ್ಪತ್ರೆಯ ಪರ ನಿಂತಿತು. ವೈದ್ಯರು ಗಂಡಸಾದರೂ ಅವರನ್ನು ರೋಗಿಯೇ ಆರಿಸಿಕೊಳ್ಳುತ್ತಾಳೆ, ನರ್ಸನ್ನಲ್ಲ ಎಂಬುದು ಒಂದು ಕಾರಣ. (ಮರುವರ್ಷ ಮೇಲ್ಮನವಿಯಲ್ಲಿ ಆ ತೀರ್ಪು ತೆರವಾಯಿತು.) ನಮ್ಮ ಜಿಲ್ಲಾಸ್ಪತ್ರೆಗಳಲ್ಲಿ ಡ್ಯೂಟಿ ಡಾಕ್ಟರನ್ನೂ ಯಾರೂ ಆರಿಸಿಕೊಳ್ಳುವುದಿಲ್ಲ, ಹಾಗಾಗಿ ಈ ವಾದ ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲ.

ರಾತ್ರಿ ಪಾಳಿಯಲ್ಲಿ ಬ್ರದರ್ (ಗಂಡು ನರ್ಸ್) ಒಬ್ಬರೇ ಇದ್ದರೆ? ಸ್ಪಂಜ್ ಬಾತ್ (ಹಾಸಿಗೆಯಲ್ಲೇ ಮೈ ಒರೆಸುವುದು) ಬೆಳಗಿನವರೆಗೆ ಕಾಯುತ್ತದೆ. ಒದ್ದೆಯಾದ ಪ್ಯಾಡ್ ಕಾಯುವುದಿಲ್ಲ, ಮೂತ್ರ ಕಟ್ಟಿ ನರಳುವವಳೂ ಕಾಯಲಾರಳು. ಪಕ್ಕದ ವಾರ್ಡಿನ ಸಿಸ್ಟರಿಗೆ ಫೋನ್ ಮಾಡಿ. ಯಾರೂ ಸಿಗದಿದ್ದರೆ ರೋಗಿ ಒಪ್ಪುವ ಹೆಣ್ಣು ಸಂಬಂಧಿಯನ್ನು ನಿಲ್ಲಿಸಿಕೊಳ್ಳಿ. ನೋಟ್ಸಿನಲ್ಲಿ ಸಮಯ, ಕ್ಯಾತಿಟರ್ ಸೈಜು, ಬಂದ ಮೂತ್ರದ ಪ್ರಮಾಣದ ಜೊತೆ, ಹತ್ತಿರ ನಿಂತ ಹೆಂಗಸಿನ ಹೆಸರನ್ನೂ ಬರೆಯಿರಿ.