ಎಥೆನಾಲ್ ಮಿಶ್ರಣಕ್ಕೆ ಟರ್ಬೊ ಕಾರಿನ ಟ್ಯೂನಿಂಗ್: ಅಧ್ಯಯನ ಟಿಪ್ಪಣಿ

2023ರಲ್ಲಿ ಬಂದ ಡಾಡ್ಜ್ ಚಾಲೆಂಜರ್ ಡೀಮನ್ 170 ಕಾರಿಗೆ ಕಂಪನಿಯೇ ಎರಡು ಅಂಕಿ ಕೊಟ್ಟಿತ್ತು. ಇ10 (10% ಎಥೆನಾಲ್ ಬೆರೆತ ಪೆಟ್ರೋಲ್) ತುಂಬಿಸಿದರೆ 900 ಎಚ್‌ಪಿ, ಇ85 (ಹೆಸರಿಗೆ 85% ಎಥೆನಾಲ್) ತುಂಬಿಸಿದರೆ 1025. ಸ್ವೀಡನ್ನಿನ ಕೋನಿಗ್‌ಸೆಗ್ ಯೆಸ್ಕೊದಲ್ಲಿ ಅಂತರ ಇನ್ನೂ ದೊಡ್ಡದು: 1280 ಮತ್ತು 1600. ಇಂಜಿನ್ ಅದೇ, ಬದಲಾದದ್ದು ಟ್ಯಾಂಕಿನಲ್ಲಿರುವ ಇಂಧನ ಮತ್ತು ಅದಕ್ಕೆ ತಕ್ಕ ಮ್ಯಾಪ್, ಅಂದರೆ ಎಷ್ಟು ಇಂಧನ, ಯಾವಾಗ ಕಿಡಿ ಎಂದು ಇಂಜಿನ್ನಿನ ಕಂಪ್ಯೂಟರಿಗೆ ಹೇಳುವ ಕೋಷ್ಟಕ. ಇದನ್ನು ಓದಿದವರು ಎಥೆನಾಲ್‌ನಲ್ಲಿ ಪೆಟ್ರೋಲಿಗಿಂತ ಹೆಚ್ಚು ಶಕ್ತಿ ಇರಬೇಕು ಅಂದುಕೊಳ್ಳುತ್ತಾರೆ. ನಿಜ ಅದಕ್ಕೆ ಉಲ್ಟಾ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿ ಇದ್ದರೆ ಎಥೆನಾಲ್‌ನಲ್ಲಿ ಇರುವುದು ಸುಮಾರು 21. ಹಾಗಾದರೆ ಆ ಹೆಚ್ಚುವರಿ ಕುದುರೆಗಳು ಎಲ್ಲಿಂದ ಬಂದವು? ಇದೊಂದು ಅರ್ಥವಾದರೆ ಟ್ಯೂನಿಂಗ್‌ನ ಅರ್ಧ ಭಾಗ ಅರ್ಥವಾದಂತೆ.

ಮೊದಲು ಗಾಳಿಯ ಲೆಕ್ಕ

ಇಂಜಿನ್ನಿಗೆ ಇಂಧನ ಎಷ್ಟು ಬೇಕಾದರೂ ಸುರಿಯಬಹುದು, ಗಾಳಿ ಹಾಗಲ್ಲ. ಸಿಲಿಂಡರಿಗೆ ಹಿಡಿಸುವಷ್ಟೇ ಗಾಳಿ. ಆದ್ದರಿಂದ ಲೀಟರಿಗೆ ಎಷ್ಟು ಶಕ್ತಿ ಎಂದು ಕೇಳುವ ಬದಲು ಒಂದು ಕಿಲೊ ಗಾಳಿಯ ಜೊತೆ ಉರಿದಾಗ ಎಷ್ಟು ಎಂದು ಕೇಳಬೇಕು. ಪೂರ್ತಿ ಉರಿಯಲು 1 ಕಿಲೊ ಪೆಟ್ರೋಲಿಗೆ 14.7 ಕಿಲೊ ಗಾಳಿ ಬೇಕು, 1 ಕಿಲೊ ಎಥೆನಾಲ್‌ಗೆ 9 ಕಿಲೊ ಸಾಕು. ಕಿಲೊ ಲೆಕ್ಕದಲ್ಲಿ ಪೆಟ್ರೋಲಿನ ಶಕ್ತಿ 43 ಮೆಗಾಜೂಲ್, ಎಥೆನಾಲ್‌ನದು 26.8. ಅದನ್ನು ಗಾಳಿಯ ತೂಕದಿಂದ ಭಾಗಿಸಿದರೆ:

ಪೆಟ್ರೋಲ್: 43 ÷ 14.7 = 2.93 ಮೆಗಾಜೂಲ್
ಎಥೆನಾಲ್: 26.8 ÷ 9 = 2.98 ಮೆಗಾಜೂಲ್

ಹೆಚ್ಚುಕಡಿಮೆ ಸಮ. ಅಂದರೆ ಮಾಮೂಲಿ ಕಾರಿನಲ್ಲಿ ಇಂಧನದ ಪ್ರಮಾಣವನ್ನಷ್ಟೇ ಸರಿಹೊಂದಿಸಿ, ಬೇರೇನೂ ಬದಲಿಸದೆ ಇ85 ಓಡಿಸಿದರೆ ದೊಡ್ಡ ಲಾಭವೇನೂ ಇಲ್ಲ, ಮೈಲೇಜ್ ಮಾತ್ರ ಬೀಳುತ್ತದೆ. ಲಾಭ ಇರುವುದು ಬೇರೆ ಎರಡು ಕಡೆ.

ಒಂದು, ಆವಿಯಾಗುವಾಗ ಹೀರುವ ಶಾಖ. ಸ್ಯಾನಿಟೈಸರ್ ಹಾಕಿಕೊಂಡ ಅಂಗೈ ತಣ್ಣಗಾಗುವುದು ಇದೇ ಕಾರಣಕ್ಕೆ. ಕಿಲೊ ಲೆಕ್ಕದಲ್ಲಿ ಎಥೆನಾಲ್ ಪೆಟ್ರೋಲಿನ ಎರಡೂವರೆ ಪಟ್ಟು ಶಾಖ ಹೀರುತ್ತದೆ, ಅದೇ ಗಾಳಿಗೆ ಹೆಚ್ಚು ಇಂಧನವೂ ಹೋಗುತ್ತದೆ. ಎರಡನ್ನೂ ಗುಣಿಸಿದರೆ ತಂಪು ಸುಮಾರು ನಾಲ್ಕು ಪಟ್ಟು. ಎರಡು, ಆಕ್ಟೇನ್, ಅಂದರೆ ನಾಕಿಂಗ್ ತಡೆಯುವ ಗುಣ. ಎಥೆನಾಲ್‌ನ ರಿಸರ್ಚ್ ಆಕ್ಟೇನ್ ಸಂಖ್ಯೆ 108ರ ಆಸುಪಾಸು. ಇವೆರಡೂ ಸೇರಿ ನಾಕಿಂಗನ್ನು (ಜ್ವಾಲೆ ತಲುಪುವ ಮೊದಲೇ ಮಿಶ್ರಣ ತಾನಾಗಿ ಸಿಡಿಯುವುದನ್ನು) ದೂರ ತಳ್ಳುತ್ತವೆ. ಆಗ ಬೂಸ್ಟ್ (ಇಂಜಿನ್ನಿಗೆ ಗಾಳಿ ತುರುಕುವ ಒತ್ತಡ) ಏರಿಸಬಹುದು, ಇಗ್ನಿಷನ್ ಟೈಮಿಂಗ್ ಏರಿಸಬಹುದು, ಅಂದರೆ ಕಿಡಿಯನ್ನು ಇನ್ನೂ ಬೇಗ ಹೊತ್ತಿಸಬಹುದು. ಡೀಮನ್‌ನ 125 ಎಚ್‌ಪಿ ಬಂದದ್ದು ಈ ದಾರಿಯಲ್ಲಿ.

ಲ್ಯಾಂಬ್ಡಾದಲ್ಲಿ ಯೋಚಿಸಿ

ಹೊಸದಾಗಿ ಕಲಿಯುವವರು ಎಡವುವ ಜಾಗ ಇದು. ಇ85ಕ್ಕೆ ಸರಿಯಾದ ಗಾಳಿ-ಇಂಧನ ಅನುಪಾತ ಸುಮಾರು 9.8. ಆದರೆ ಡ್ಯಾಶ್‌ಬೋರ್ಡಿನ ವೈಡ್‌ಬ್ಯಾಂಡ್ ಗೇಜ್ (ಹೊಗೆ ನೋಡಿ ಈ ಅನುಪಾತ ತೋರಿಸುವ ಮೀಟರ್) 9.8 ತೋರಿಸಲಿ ಎಂದು ಕಾದರೆ ಇಂಜಿನ್ ಇಂಧನದಲ್ಲಿ ಮುಳುಗಿಹೋಗುತ್ತದೆ. ಸೆನ್ಸರ್ ಅಳೆಯುವುದು ಹೊಗೆಯಲ್ಲಿ ಆಮ್ಲಜನಕ ಮಿಕ್ಕಿದೆಯೋ ಇಂಧನ ಮಿಕ್ಕಿದೆಯೋ ಎಂಬುದನ್ನು, ಅಂದರೆ ಲ್ಯಾಂಬ್ಡಾವನ್ನು. ಪೂರ್ತಿ ಉರಿಯಲು ಬೇಕಾದಷ್ಟೇ ಗಾಳಿ ಇದ್ದರೆ ಲ್ಯಾಂಬ್ಡಾ 1, ಇಂಧನ ಹೆಚ್ಚಾದರೆ 1ಕ್ಕಿಂತ ಕಡಿಮೆ. ಗೇಜ್ ಅದನ್ನು 14.7ರಿಂದ ಗುಣಿಸಿ ತೋರಿಸುತ್ತದೆ, ಅಷ್ಟೆ. ಫುಲ್ ಥ್ರಾಟಲ್‌ನಲ್ಲಿ 0.82 ಲ್ಯಾಂಬ್ಡಾ ಬೇಕೆಂದರೆ ಇ85 ಓಡುತ್ತಿರುವಾಗಲೂ ಪೆಟ್ರೋಲ್ ಗೇಜ್ ತೋರಿಸುವುದು 12.05. ನಿಜವಾದ ಅನುಪಾತ 8.04. ಗೇಜನ್ನು ಲ್ಯಾಂಬ್ಡಾಗೇ ಹಾಕಿಟ್ಟರೆ ಈ ಗೊಂದಲವೇ ಇರುವುದಿಲ್ಲ; ನನ್ನ ಪ್ರಕಾರ ಎಥೆನಾಲ್ ಮುಟ್ಟುವವರಿಗೆ ಬೇರೆ ಆಯ್ಕೆಯೇ ಇರಬಾರದು.

ಇಂಜೆಕ್ಟರ್, ಪಂಪ್

ಒಂದು ಲೆಕ್ಕ ಮಾಡೋಣ. ನಾಲ್ಕು ಸಿಲಿಂಡರ್ ಟರ್ಬೊ ಇಂಜಿನ್, ಗುರಿ 400 ಎಚ್‌ಪಿ. ಪ್ರತಿ ಎಚ್‌ಪಿಗೆ ಗಂಟೆಗೆ ಪೆಟ್ರೋಲಾದರೆ 270 ಗ್ರಾಂ, ಇ85 ಆದರೆ 385 ಗ್ರಾಂ ಎಂಬುದು ರೂಢಿಯ ಅಂದಾಜು. ಇ85: 400 × 385 = ಗಂಟೆಗೆ 154 ಕಿಲೊ. ಸಾಂದ್ರತೆ 0.78 ಹಿಡಿದರೆ ಗಂಟೆಗೆ ಸುಮಾರು 197 ಲೀಟರ್, ನಿಮಿಷಕ್ಕೆ 3290 ಮಿಲಿ. ಇಂಧನ ಚಿಮ್ಮಿಸುವ ನಾಲ್ಕು ಇಂಜೆಕ್ಟರ್‌ಗೆ ಹಂಚಿ, ಇಂಜೆಕ್ಟರ್ 85% ಸಮಯಕ್ಕಿಂತ ಹೆಚ್ಚು ತೆರೆದಿರಬಾರದು ಎಂದು ಇಟ್ಟುಕೊಂಡರೆ ಪ್ರತಿಯೊಂದೂ ನಿಮಿಷಕ್ಕೆ 970 ಮಿಲಿ ಕೊಡಬೇಕು. ಇದೇ ಲೆಕ್ಕ ಪೆಟ್ರೋಲಿಗೆ ಮಾಡಿದರೆ 710 ಮಿಲಿ ಸಾಕು.

ಪಂಪಿಗೆ 197 ಲೀಟರ್ ಬೇಕೆಂದು 200 ಲೀಟರಿನದು ತರಬೇಡಿ. ಬೂಸ್ಟ್ ಏರಿದ ಹಾಗೆ ಫ್ಯೂಯಲ್ ರೈಲಿನ (ಇಂಜೆಕ್ಟರ್‌ಗಳಿಗೆ ಇಂಧನ ಕೊಡುವ ಕೊಳವೆ) ಒತ್ತಡವೂ ಏರುತ್ತದೆ, ಒತ್ತಡ ಏರಿದರೆ ಪಂಪ್ ಕೊಡುವ ಪ್ರಮಾಣ ಇಳಿಯುತ್ತದೆ. ಡಬ್ಬದ ಮೇಲಿನ ಅಂಕಿ ನೋಡುವುದಲ್ಲ, ನಿಮ್ಮ ಒತ್ತಡ ಮತ್ತು ವೋಲ್ಟೇಜಿನಲ್ಲಿ ಎಷ್ಟು ಬರುತ್ತದೆ ಎಂಬ ಗ್ರಾಫ್ ನೋಡಬೇಕು. ಎಥೆನಾಲ್‌ಗೆ ಹೊಂದುವ ಪಂಪ್, ಪಿಟಿಎಫ್‌ಇ (ಟೆಫ್ಲಾನ್) ಒಳಪದರದ ಹೋಸ್, ವಿಟಾನ್ ಎಂಬ ವಿಶೇಷ ರಬ್ಬರಿನ ಸೀಲ್‌ಗಳು ಇರಲಿ. ಹಳೆಯ ಕಾರಿನ ರಬ್ಬರ್ ಇದನ್ನು ತಾಳುವುದಿಲ್ಲ.

ಡೈರೆಕ್ಟ್ ಇಂಜೆಕ್ಷನ್ (ಇಂಧನವನ್ನು ನೇರ ಸಿಲಿಂಡರಿಗೇ ಚಿಮ್ಮಿಸುವ) ಕಾರುಗಳ ಕಥೆ ಬೇರೆ. ಅಲ್ಲಿ ಕ್ಯಾಮ್‌ನಿಂದ ತಿರುಗುವ ಹೈ ಪ್ರೆಶರ್ ಪಂಪೇ ಮೊದಲು ಸೋಲುತ್ತದೆ. ಅದಕ್ಕೇ ಬಿಎಂಡಬ್ಲ್ಯು, ಫೋಕ್ಸ್‌ವ್ಯಾಗನ್ ಟ್ಯೂನರ್‌ಗಳು ಇ85ಕ್ಕೆ ಕೈ ಹಾಕದೆ ಇ30ರ ಆಸುಪಾಸಿನಲ್ಲೇ ನಿಲ್ಲುವುದು. ಇದು ರಾಜಿ ಅನ್ನಿಸಬಹುದು, ಆದರೆ ನಾಕಿಂಗ್ ವಿರುದ್ಧ ಸಿಗುವ ಲಾಭದ ದೊಡ್ಡ ಪಾಲು ಮೊದಲ ಮೂವತ್ತು-ನಲವತ್ತು ಶೇಕಡದಲ್ಲೇ ಬಂದುಬಿಡುತ್ತದೆ.

ಬೋರ್ಡಿನಲ್ಲಿ 85, ಟ್ಯಾಂಕಿನಲ್ಲಿ ಎಷ್ಟು?

ಅಮೆರಿಕದ ಎಎಸ್‌ಟಿಎಂ ಮಾನದಂಡದ ಪ್ರಕಾರ ಇ85 ಎಂದು ಮಾರುವ ಇಂಧನದಲ್ಲಿ 51ರಿಂದ 83 ಶೇಕಡದವರೆಗೆ ಎಷ್ಟಾದರೂ ಎಥೆನಾಲ್ ಇರಬಹುದು. ಇದು ಮೋಸವಲ್ಲ. ಎಥೆನಾಲ್ ಚಳಿಯಲ್ಲಿ ಸುಲಭವಾಗಿ ಆವಿಯಾಗುವುದಿಲ್ಲ, ಇಂಜಿನ್ ಸ್ಟಾರ್ಟ್ ಆಗಲಿ ಎಂದು ಚಳಿಗಾಲದಲ್ಲಿ ಪೆಟ್ರೋಲ್ ಹೆಚ್ಚು ಬೆರೆಸುತ್ತಾರೆ. ತೊಂದರೆ ಆಗುವುದು ನಮ್ಮಂಥವರಿಗೆ.

50 ಲೀಟರ್ ಟ್ಯಾಂಕ್, ಖಾಲಿ ಎಂದಿಟ್ಟುಕೊಳ್ಳಿ. ಇ85 ಮತ್ತು ಇ10 ಬೆರೆಸಿ ಇ30 ಮಾಡಬೇಕು. ಬಂಕಿನ ಇ85ರಲ್ಲಿ ನಿಜವಾಗಿ 85% ಇದ್ದರೆ 13.3 ಲೀಟರ್ ಇ85, ಉಳಿದ 36.7 ಲೀಟರ್ ಇ10. ಈಗ ಅದೇ 13.3 ಲೀಟರಿನಲ್ಲಿ ಎಥೆನಾಲ್ 55% ಮಾತ್ರ ಇತ್ತು ಅನ್ನಿ: 7.3 + 3.7 = 11 ಲೀಟರ್ ಎಥೆನಾಲ್, ಅಂದರೆ ಇ22. ಕಾರಿನಲ್ಲಿರುವುದು ಇ30ರ ಟೈಮಿಂಗ್. ಕ್ಲೋಸ್ಡ್ ಲೂಪ್ (ಹೊಗೆಯ ಸೆನ್ಸರ್ ನೋಡಿ ತಿದ್ದಿಕೊಳ್ಳುವ ವ್ಯವಸ್ಥೆ) ಇಂಧನದ ಪ್ರಮಾಣವನ್ನು ಸರಿಪಡಿಸಿಕೊಳ್ಳುತ್ತದೆ, ಹಾಗಾಗಿ ಲ್ಯಾಂಬ್ಡಾ ನೋಡಿದರೆ ಎಲ್ಲ ಚೆನ್ನಾಗಿದೆ ಅನ್ನಿಸುತ್ತದೆ. ನಾಕಿಂಗ್‌ಗೆ ಇದ್ದ ಅಂತರ ಮಾತ್ರ ಕರಗಿರುತ್ತದೆ.

ಕೈಯಲ್ಲೇ ಪರೀಕ್ಷೆ ಮಾಡುವುದು ಸುಲಭ. ಅಳತೆಯ ಗಾಜಿನ ಕೊಳವೆಗೆ 10 ಮಿಲಿ ನೀರು, 90 ಮಿಲಿ ಇಂಧನ ಹಾಕಿ ಕುಲುಕಿ ನಿಲ್ಲಿಸಿ. ಎಥೆನಾಲ್ ನೀರಿನ ಜೊತೆ ಸೇರಿ ಕೆಳಗಿಳಿಯುತ್ತದೆ. ಕೆಳಪದರ 75 ಮಿಲಿ ಗೆರೆಗೆ ಬಂದರೆ (75 − 10) ÷ 90, ಸುಮಾರು 72%. ಬೆಂಕಿಯಿಂದ ದೂರ, ಗಾಳಿಯಾಡುವ ಕಡೆ ಮಾಡಿ.

ಕಾರಿನಲ್ಲೇ ಅಳೆಯಬೇಕೆಂದರೆ ಫ್ಲೆಕ್ಸ್ ಫ್ಯೂಯಲ್ ಸೆನ್ಸರ್. ಎಥೆನಾಲ್‌ನ ಡೈಎಲೆಕ್ಟ್ರಿಕ್ ಸ್ಥಿರಾಂಕ (ವಿದ್ಯುತ್ ಕ್ಷೇತ್ರಕ್ಕೆ ಸ್ಪಂದಿಸುವ ಗುಣದ ಅಳತೆ) 24ರ ಹತ್ತಿರ, ಪೆಟ್ರೋಲಿನದು 2. ಈ ವ್ಯತ್ಯಾಸವನ್ನು ಸೆನ್ಸರ್ ಅಳೆಯುತ್ತದೆ. ಬಹಳ ಜನ ಬಳಸುವ ಜಿಎಂ ಮಾದರಿಯ ಸೆನ್ಸರ್ 50 ಹರ್ಟ್ಸ್ ಕೊಟ್ಟರೆ 0%, 150 ಹರ್ಟ್ಸ್ ಕೊಟ್ಟರೆ 100%. ನಡುವಿನದು ನೇರ ಗೆರೆ, ಅಂದರೆ 120 ಹರ್ಟ್ಸ್‌ಗೆ 70%. ಪಲ್ಸ್‌ನ ಅಗಲ ಇಂಧನದ ತಾಪಮಾನ ಹೇಳುತ್ತದೆ. ನೀರಿನ ಸ್ಥಿರಾಂಕ 80ರ ಹತ್ತಿರ ಇರುವುದರಿಂದ ನೀರು ಸೇರಿದ ಇಂಧನವನ್ನು ಸೆನ್ಸರ್ ಹೆಚ್ಚು ಎಥೆನಾಲ್ ಎಂದು ಓದುತ್ತದೆ, ಇಲ್ಲದ ಎಥೆನಾಲ್‌ಗೆ ತಕ್ಕ ಟೈಮಿಂಗ್ ಸಿಗುತ್ತದೆ; ಅದು ಅಪಾಯದ ದಿಕ್ಕು.

ಎರಡು ಮ್ಯಾಪ್, ನಡುವೆ ಒಂದು ಗೆರೆ

ಇಸಿಯುನಲ್ಲಿ (ಇಂಜಿನ್ನಿನ ಕಂಪ್ಯೂಟರ್) ಪೆಟ್ರೋಲಿನ ಮ್ಯಾಪ್ ಒಂದು, ಎಥೆನಾಲ್‌ನದು ಇನ್ನೊಂದು. ಸೆನ್ಸರಿನ ಅಂಕಿ ನೋಡಿ ಇಸಿಯು ನಡುವಿನ ಬೆಲೆ ಲೆಕ್ಕ ಹಾಕುತ್ತದೆ. ಇಂಧನದ ಪ್ರಮಾಣಕ್ಕೆ ನೇರ ಗೆರೆ ಸರಿ. ಟೈಮಿಂಗಿಗೆ ಗೆರೆ ಮೊದಲು ಬೇಗ ಏರಿ ಆಮೇಲೆ ಮಟ್ಟಸವಾಗುತ್ತದೆ, ಕಾರಣ ಮೇಲೆ ಹೇಳಿದ್ದೇ. ಬೂಸ್ಟಿನ ವಿಷಯದಲ್ಲಿ ನಾನು ಜಿಪುಣ: ಎಥೆನಾಲ್ ಅರ್ಧ ದಾಟುವವರೆಗೆ ಹೆಚ್ಚು ಕೊಡದಿರುವುದೇ ಕ್ಷೇಮ.

ಟೈಮಿಂಗ್ ಏರಿಸುವ ರೀತಿಯೂ ಬೇರೆ. ಪೆಟ್ರೋಲಿನಲ್ಲಿ ನಾಕ್ ಬರುವವರೆಗೆ ಏರಿಸಿ, ಎರಡು ಡಿಗ್ರಿ ಹಿಂದೆ ಬರುವ ಅಭ್ಯಾಸ ಹಲವರದು. ಇ85ರಲ್ಲಿ ನಾಕ್ ಬರುವ ಮೊದಲೇ ಟಾರ್ಕ್ (ತಿರುಗಿಸುವ ಬಲ) ಏರುವುದು ನಿಂತಿರುತ್ತದೆ. ಆಮೇಲೂ ಏರಿಸುತ್ತ ಹೋದರೆ ಸಿಲಿಂಡರಿನ ಒತ್ತಡ ಮಾತ್ರ ಹೆಚ್ಚುತ್ತದೆ, ಡೈನೊದಲ್ಲಿ (ಕಾರಿನ ಶಕ್ತಿ ಅಳೆಯುವ ಯಂತ್ರ) ಏನೂ ಕಾಣದು. ಎಚ್ಚರಿಸುವ ಸದ್ದೂ ಇಲ್ಲ, ಕೊನೆಗೆ ಕನೆಕ್ಟಿಂಗ್ ರಾಡ್ ಬಾಗಿದಾಗಲೇ ಗೊತ್ತಾಗುವುದು. ಆದ್ದರಿಂದ ಒಂದೊಂದೇ ಡಿಗ್ರಿ ಏರಿಸಿ, ಟಾರ್ಕ್ ಏರದಿದ್ದರೆ ಹಿಂದಿನ ಅಂಕಿಗೆ ಮರಳಿ.

ಸೆನ್ಸರ್ ಕೆಟ್ಟಾಗ ಏನಾಗಬೇಕು ಎಂಬುದನ್ನೂ ಮೊದಲೇ ಬರೆದಿಡಬೇಕು. ಟೈಮಿಂಗ್ ಮತ್ತು ಬೂಸ್ಟ್ ತಕ್ಷಣ ಪೆಟ್ರೋಲ್ ಮ್ಯಾಪಿಗೆ ಇಳಿಯಲಿ. ಇಂಧನ ಮಾತ್ರ ಕೊನೆಯ ನಂಬಲರ್ಹ ಅಂಕಿಯಲ್ಲೇ ಇರಲಿ. ಅದನ್ನೂ ಪೆಟ್ರೋಲಿಗೆ ಇಳಿಸಿದರೆ ಟ್ಯಾಂಕಿನಲ್ಲಿ ಇ85 ಇರುವ ಕಾರು ಒಮ್ಮೆಲೇ ಲೀನ್ ಆಗುತ್ತದೆ, ಅಂದರೆ ಗಾಳಿಗೆ ತಕ್ಕಷ್ಟು ಇಂಧನ ಸಿಗುವುದಿಲ್ಲ.

ನಮ್ಮ ಕಡೆ

ಇ20 ಪೆಟ್ರೋಲಿಗೆ ದೇಶದಲ್ಲಿ ಚಾಲನೆ ಸಿಕ್ಕಿದ್ದು 2023ರ ಫೆಬ್ರುವರಿಯಲ್ಲಿ, ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್‌ನಲ್ಲಿ. 2024ರ ಮಾರ್ಚ್‌ನಲ್ಲಿ ಕರ್ನಾಟಕವೂ ಸೇರಿ ಕೆಲವು ರಾಜ್ಯಗಳ ಆಯ್ದ ಬಂಕ್‌ಗಳಿಗೆ ಎಥೆನಾಲ್ 100 ಬಂತು. ಹೆಸರಿನಲ್ಲಿ 100 ಇದ್ದರೂ ಅದರಲ್ಲಿ ಎಥೆನಾಲ್ ಸುಮಾರು 93%, ಮತ್ತು ಅದು ಫ್ಲೆಕ್ಸ್ ಫ್ಯೂಯಲ್ (ಬೇರೆ ಬೇರೆ ಪ್ರಮಾಣದ ಎಥೆನಾಲ್ ಮಿಶ್ರಣದಲ್ಲಿ ಓಡುವ) ವಾಹನಗಳಿಗೆಂದೇ ಇರುವ ಇಂಧನ. ಕಾಗದದ ಮೇಲಿನ ಅಭ್ಯಾಸಕ್ಕೆ ಒಂದು ಲೆಕ್ಕ: 45 ಲೀಟರ್ ಟ್ಯಾಂಕಿನಲ್ಲಿ ಇದನ್ನೂ ಇ20 ಪೆಟ್ರೋಲನ್ನೂ ಬೆರೆಸಿ ಇ30 ಮಾಡಲು ಎಷ್ಟು ಲೀಟರ್ ಬೇಕು? ಉತ್ತರ 6.2 ಬರಬೇಕು. 5.6 ಬಂದರೆ 93ರ ಬದಲು 100 ಹಾಕಿದ್ದೀರಿ.