ಕಾಲ್ ಇರೋದು ಕೈಯಲ್ಲಲ್ಲ, ಮೂಲೆಯ ಪೆಟ್ಟಿಗೆಯಲ್ಲಿ

ನಮ್ಮ ಹಳೆ ಆಫೀಸಿನಲ್ಲಿ ಒಬ್ಬ ಹಿರಿಯರಿದ್ದರು. ಅವರ ಟೇಬಲ್ ಇದ್ದದ್ದು ಕೆಳಗಿನ ಮಹಡಿಯಲ್ಲಿ, ಅಕೌಂಟ್ಸ್ ಸೆಕ್ಷನ್ ಎರಡನೇ ಮಹಡಿಯಲ್ಲಿ. ಯಾರಾದರೂ ಫೋನ್ ಮಾಡಿ ‘ನಮ್ಮ ಬಿಲ್ ಏನಾಯ್ತು’ ಅಂತ ಕೇಳಿದರೆ ಸಾಕು, ‘ಒಂದ್ನಿಮಿಷ ಸರ್, ಲೈನಲ್ಲೇ ಇರಿ’ ಅಂದು, ಕಾರ್ಡ್‌ಲೆಸ್ ಹ್ಯಾಂಡ್‌ಸೆಟ್ಟಿನ ಬಾಯಿಗೆ ಅಂಗೈ ಒತ್ತಿಕೊಂಡು, ಮೆಟ್ಟಿಲು ಹತ್ತಲು ಶುರು. ಮೊದಲ ತಿರುವಿನಲ್ಲಿ ಕರಕರ. ಎರಡನೇ ತಿರುವಿನಲ್ಲಿ ಪೀಂ ಪೀಂ. ಮೇಲೆ ಹೋಗಿ ಫೋನು ಕೊಡುವಷ್ಟರಲ್ಲಿ ಲೈನ್ ಸತ್ತಿರುತ್ತಿತ್ತು. ಆಮೇಲೆ ಆ ಕಡೆಯವರು ಮತ್ತೆ ಫೋನ್ ಮಾಡಿ ಬೈಯುವುದು, ಇವರು ಮತ್ತೆ ಮೆಟ್ಟಿಲು ಹತ್ತುವುದು.

ಟ್ರಾನ್ಸ್‌ಫರ್ ಮಾಡಬಾರದಾ ಅಂತ ಕೇಳಿದೆ. ‘ಆ ಬಟನ್ ಒತ್ತಿದ್ರೆ ಕಟ್ ಆಗುತ್ತಪ್ಪ’ ಅಂದರು. ಸುಮ್ನೆ ಹೇಳಿದ್ದಲ್ಲ, ನಿಜವಾಗಿಯೂ ಕಟ್ ಆಗುತ್ತಿತ್ತು. ಯಾಕೆ ಅಂತ ಮುಂದೆ ಹೇಳುತ್ತೇನೆ. ಆದರೆ ಅವರ ಭಯದ ಬೇರು ಬೇರೆ ಕಡೆ ಇತ್ತು. ಮಾತು ತಮ್ಮ ಕೈಯಲ್ಲಿರುವ ಫೋನಿನೊಳಗೆ ಇದೆ, ಅದನ್ನು ಒಯ್ದು ಕೊಡಬೇಕು ಅಂತ ಅವರು ಅಂದುಕೊಂಡಿದ್ದರು. ಬಹಳ ಜನ ಹಾಗೇ ಅಂದುಕೊಂಡಿರುತ್ತಾರೆ. ಮಾತು ಇರುವುದು ರಿಸೆಪ್ಷನ್ ಹಿಂದೆಯೋ ಸರ್ವರ್ ರೂಮಿನಲ್ಲೋ ಗೋಡೆಗೆ ತಗುಲಿಸಿದ ಒಂದು ಪೆಟ್ಟಿಗೆಯಲ್ಲಿ. ನಮ್ಮ ಕಡೆ ಎಲ್ಲರೂ ಇಪಿಎಬಿಎಕ್ಸ್ ಅಂತ ಕರೆಯುವ ಪೆಟ್ಟಿಗೆ ಅದೇ. ನಿಮ್ಮ ಕೈಯಲ್ಲಿರುವುದು ಅದರ ಒಂದು ಕಿವಿ, ಒಂದು ಬಾಯಿ, ಅಷ್ಟೇ.

ಆ ಪೆಟ್ಟಿಗೆ ಊರಿನ ಟೆಲಿಫೋನ್ ಎಕ್ಸ್‌ಚೇಂಜಿನ ಚಿಕ್ಕ ತಮ್ಮ. 1984ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗೆ ಅಂತ ಮಾಡಿದ ಎಕ್ಸ್‌ಚೇಂಜ್ 1986ರಲ್ಲಿ ಮೊದಲು ಬಂದದ್ದು ನಮ್ಮ ಕಿತ್ತೂರಿಗೆ. ಅದು 128 ಲೈನಿನದು, ಏಸಿ ಕೂಡ ಬೇಡದ ಯಂತ್ರ. ಇವತ್ತು ಒಂದು ದೊಡ್ಡ ಆಫೀಸಿನ ಪೆಟ್ಟಿಗೆಯಲ್ಲಿ ಅದಕ್ಕಿಂತ ಜಾಸ್ತಿ ಎಕ್ಸ್‌ಟೆನ್ಷನ್‌ಗಳಿರುತ್ತವೆ.

ಪೆಟ್ಟಿಗೆ ಮಾಡುವ ಕೆಲಸ ಕೇಳಿದರೆ ಇಷ್ಟೇನಾ ಅನಿಸುತ್ತದೆ. ನಿಮ್ಮ ದನಿಯನ್ನು ಸೆಕೆಂಡಿಗೆ 8,000 ಸಲ ಅಳೆಯುತ್ತದೆ. ಒಂದೊಂದು ಅಳತೆಯೂ 8 ಬಿಟ್ಟಿನ ಒಂದು ಸಂಖ್ಯೆ. ಆ ಸಂಖ್ಯೆಗಳನ್ನು ಒಂದು ಖಾನೆಯಲ್ಲಿ ಬರೆದಿಡುತ್ತದೆ. ಆ ಕಡೆಯವರ ಸಂಖ್ಯೆಗಳು ಇನ್ನೊಂದು ಖಾನೆಯಲ್ಲಿ. ನಿಮ್ಮ ಖಾನೆಯದ್ದನ್ನು ಅವರಿಗೆ, ಅವರ ಖಾನೆಯದ್ದನ್ನು ನಿಮಗೆ ಕಾಪಿ ಮಾಡುತ್ತಾ ಇರುತ್ತದೆ. ‘ಕನೆಕ್ಷನ್’ ಅಂದರೆ ಇದೇ, ಯಾವ ಖಾನೆಯಿಂದ ಯಾವ ಖಾನೆಗೆ ಕಾಪಿ ಅನ್ನುವ ಒಂದು ಪಟ್ಟಿ.

ಇದು ಗೊತ್ತಾದರೆ ಬಟನ್‌ಗಳ ಗುಟ್ಟು ತಾನಾಗೇ ಬಿಚ್ಚಿಕೊಳ್ಳುತ್ತದೆ. ಹೋಲ್ಡ್ ಒತ್ತಿದರೆ ಪೆಟ್ಟಿಗೆ ನಿಮ್ಮ ಸಂಖ್ಯೆ ಕಳಿಸುವುದನ್ನು ನಿಲ್ಲಿಸಿ, ಅದರ ಬದಲು ಸಂಗೀತದ ಖಾನೆಯಿಂದ ಕಳಿಸುತ್ತದೆ. ಆ ಕಡೆಯವರ ಕಾಲ್ ಪೆಟ್ಟಿಗೆಯೊಳಗೆ ಹಾಯಾಗಿ ಕೂತಿರುತ್ತದೆ. ಟ್ರಾನ್ಸ್‌ಫರ್ ಅಂದರೆ ಪಟ್ಟಿಯಲ್ಲಿ ನಿಮ್ಮ ಹೆಸರು ಹೊಡೆದು ಅಕೌಂಟ್ಸಿನವರ ಹೆಸರು ಬರೆಯುವುದು. ಕಾನ್ಫರೆನ್ಸ್ ಸ್ವಲ್ಪ ಮಜಾ. ಅಲ್ಲಿ ಪೆಟ್ಟಿಗೆ ಕೂಡಿಸುವ ಲೆಕ್ಕ ಮಾಡುತ್ತದೆ, ಎಲ್ಲರ ಸಂಖ್ಯೆಗಳನ್ನೂ ಕೂಡಿಸಿ, ಅದರಲ್ಲಿ ನಿಮ್ಮದನ್ನು ಮಾತ್ರ ಬಿಟ್ಟು ನಿಮಗೆ ಕೊಡುತ್ತದೆ. ಹಾಗಾಗಿ ಐದು ಜನರ ಕಾನ್ಫರೆನ್ಸಿನಲ್ಲಿ ಒಬ್ಬರ ಟೇಬಲ್ ಮೇಲಿನ ಫ್ಯಾನ್, ಇನ್ನೊಬ್ಬರ ರಸ್ತೆಯ ಹಾರ್ನ್, ಮತ್ತೊಬ್ಬರ ಕೆಮ್ಮು ಎಲ್ಲವೂ ಕೂಡಿ ಬರುತ್ತವೆ. ಮಾತಾಡದೆ ಇರುವಾಗ ಮ್ಯೂಟ್ ಒತ್ತಿ ಅನ್ನುವುದು ಇದಕ್ಕೇ.

ಮ್ಯೂಟ್ ಮತ್ತು ಹೋಲ್ಡ್ ಎರಡೂ ಒಂದೇ ಅಲ್ಲ. ಮ್ಯೂಟ್ ಮಾಡಿದರೆ ನಿಮ್ಮ ಮೈಕ್ ಮಾತ್ರ ಬಂದ್, ಅವರ ಮಾತು ನಿಮಗೆ ಕೇಳುತ್ತಲೇ ಇರುತ್ತದೆ. ಹೋಲ್ಡ್‌ನಲ್ಲಿ ಎರಡೂ ಕಡೆ ಬಂದ್. ಇನ್ನು ಅಂಗೈ ಒತ್ತುವುದು ಇದೆಯಲ್ಲ, ಅದು ಎರಡೂ ಅಲ್ಲ. ದನಿ ಸ್ವಲ್ಪ ಮಂದವಾಗುತ್ತದೆ, ನಿಲ್ಲುವುದಿಲ್ಲ. ‘ಅದೇ ಆ ತಲೆನೋವು ಮನುಷ್ಯ ಮತ್ತೆ ಫೋನ್ ಮಾಡಿದಾನೆ’ ಅಂದದ್ದು ಆ ತಲೆನೋವು ಮನುಷ್ಯನಿಗೇ ಸ್ಪಷ್ಟವಾಗಿ ಕೇಳಿಸಿದ ಪ್ರಸಂಗಕ್ಕೆ ನಾನೇ ಸಾಕ್ಷಿ.

ಹೋಲ್ಡ್ ಸಂಗೀತದ ಹುಟ್ಟಿಗೆ ಒಂದು ಕತೆ ಹೇಳುತ್ತಾರೆ. ಅಮೆರಿಕದ ಆಲ್ಫ್ರೆಡ್ ಲೆವಿ ಅನ್ನುವವರ ಕಾರ್ಖಾನೆಯಲ್ಲಿ ಫೋನಿನ ಒಂದು ಸಡಿಲ ತಂತಿ ಕಟ್ಟಡದ ಉಕ್ಕಿನ ತೊಲೆಗೆ ತಾಗಿತ್ತಂತೆ. ಇಡೀ ಕಟ್ಟಡವೇ ಆಂಟೆನಾ ಆಗಿ, ಪಕ್ಕದ ರೇಡಿಯೋ ಸ್ಟೇಷನ್ನಿನ ಹಾಡು ಹೋಲ್ಡ್‌ನಲ್ಲಿದ್ದವರಿಗೆ ಕೇಳಿಸಿತಂತೆ. ಪೇಟೆಂಟ್ ಅವರಿಗೆ ಸಿಕ್ಕಿದ್ದು 1966ರಲ್ಲಿ. ಆ ಸಂಗೀತ ಯಾಕಷ್ಟು ಕೆಟ್ಟದಾಗಿ ಕೇಳುತ್ತದೆ ಅನ್ನುವುದಕ್ಕೂ ಕಾರಣ ಇದೆ. ಸಾದಾ ಫೋನ್ ಲೈನ್ ಸುಮಾರು 300ರಿಂದ 3,400 ಹರ್ಟ್ಸ್ ವರೆಗಿನ ಸದ್ದನ್ನು ಮಾತ್ರ ಸಾಗಿಸುತ್ತದೆ. ಮಾತಿಗೆ ಅಷ್ಟು ಸಾಕು. ಆದರೆ ಮೃದಂಗದ ಎಡಗಡೆಯ ಗುಮುಕು 300ಕ್ಕಿಂತ ಕೆಳಗೆ, ತಾಳದ ಮಿಂಚು 3,400ಕ್ಕಿಂತ ಮೇಲೆ. ಎರಡನ್ನೂ ಕತ್ತರಿಸಿದ ಮೇಲೆ ಉಳಿಯುವುದು ಜಾತ್ರೆಯ ಪೀಪಿ.

ಈಗ ಕಟ್ ಆಗುವ ಬಟನ್ ವಿಷಯ. ಹಳೆ ಕಾರ್ಡ್‌ಲೆಸ್ ಫೋನುಗಳಲ್ಲಿ ಆರ್ ಅಂತ ಒಂದು ಬಟನ್ ಇರುತ್ತದೆ. ಕೆಲವರು ಅದನ್ನು ಫ್ಲಾಶ್ ಅನ್ನುತ್ತಾರೆ. ಅದನ್ನು ಒತ್ತಿದರೆ ಆಗುವುದು ಇಷ್ಟೇ, ಲೈನಿನಲ್ಲಿ ಹರಿಯುತ್ತಿರುವ ಕರೆಂಟು ಒಂದು ಕ್ಷಣ ನಿಂತು ಮತ್ತೆ ಹರಿಯುತ್ತದೆ. ತಿರುಗಿಸುವ ಡಯಲ್ಲಿನ ಕಾಲದಲ್ಲಿ ನಂಬರು ಹೋಗುತ್ತಿದ್ದದ್ದೂ ಹೀಗೆಯೇ. 5 ತಿರುಗಿಸಿದರೆ ಐದು ಸಲ ಕರೆಂಟು ನಿಂತು ನಿಂತು ಹರಿಯುತ್ತಿತ್ತು, ಒಂದೊಂದು ಸಲವೂ ಸುಮಾರು 60 ಮಿಲಿಸೆಕೆಂಡ್. ಡಯಲ್ಲಿಗೆ ಬೀಗ ಹಾಕಿದ್ದ ಮನೆಗಳಲ್ಲಿ ಹುಡುಗರು ರಿಸೀವರ್ ಇಡುವ ಗುಂಡಿಯನ್ನೇ ಟಪಟಪ ಬಡಿದು ಫೋನ್ ಮಾಡುತ್ತಿದ್ದದ್ದು ನೆನಪಿದೆಯಾ? ಅದೇ ತಂತ್ರ. ಹಾಗಾಗಿ ಪೆಟ್ಟಿಗೆ ಸಮಯ ನೋಡಿ ಅರ್ಥ ಮಾಡಿಕೊಳ್ಳಬೇಕು. ತೀರಾ ಚಿಕ್ಕ ಬಿಡುವಾದರೆ ಅದು ನಂಬರು. ತೀರಾ ದೊಡ್ಡದಾದರೆ ಫೋನ್ ಕೆಳಗಿಟ್ಟರು ಅಂತ. ನಡುವಿನದಾದರೆ ‘ತಡಿ, ಏನೋ ಹೇಳಬೇಕು’ ಅಂತ. ಈ ನಡುವಿನದು ಎಷ್ಟು ಅನ್ನುವುದರಲ್ಲಿ ಜಗತ್ತಿಗೆ ಒಮ್ಮತವಿಲ್ಲ. ಯುರೋಪಿನ ಸಲಕರಣೆಗಳು ಸುಮಾರು 100 ಮಿಲಿಸೆಕೆಂಡ್ ಅನ್ನುತ್ತವೆ, ಅಮೆರಿಕದವು 600ರ ಹತ್ತಿರ.

ನಮ್ಮ ಹ್ಯಾಂಡ್‌ಸೆಟ್ 600 ಕೊಡುತ್ತಿತ್ತು. ನಮ್ಮ ಪೆಟ್ಟಿಗೆ ಅಷ್ಟು ಹೊತ್ತು ಕಾಯದೆ ‘ಇಟ್ಟರು’ ಅಂತ ತೀರ್ಮಾನ ಮಾಡುತ್ತಿತ್ತು. ಹ್ಯಾಂಡ್‌ಸೆಟ್ಟಿನ ಮೆನುವಿನಲ್ಲಿ ರೀಕಾಲ್ ಟೈಮ್ ಅಂತ ಒಂದು ಸಾಲು. ಅದನ್ನು ಬದಲಿಸಿದೆ. ಎರಡು ನಿಮಿಷದ ಕೆಲಸ! ಅದಕ್ಕೆ ಆ ಹಿರಿಯರು ವರ್ಷಗಟ್ಟಲೆ ಮೆಟ್ಟಿಲು ಹತ್ತಿದ್ದರು. ನಿಮ್ಮ ಆಫೀಸಿನಲ್ಲೂ ಟ್ರಾನ್ಸ್‌ಫರ್ ಒತ್ತಿದರೆ ಕಟ್ ಆಗುತ್ತಿದ್ದರೆ, ಅಥವಾ ಒತ್ತಿದರೂ ಏನೂ ಆಗದಿದ್ದರೆ, ಮೊದಲು ನೋಡಬೇಕಾದ್ದು ಇದನ್ನೇ.

ಟ್ರಾನ್ಸ್‌ಫರ್ ಮಾಡುವಾಗಲೂ ಎರಡು ದಾರಿ. ನಂಬರು ಒತ್ತಿ ತಕ್ಷಣ ಬಿಟ್ಟುಬಿಡುವುದು ಒಂದು. ಆ ಕಡೆ ಎತ್ತುವವರೆಗೆ ಕಾದು, ‘ಇಂಥವರು ಇದ್ದಾರೆ, ಕೊಡಲಾ?’ ಅಂತ ಕೇಳಿ ಆಮೇಲೆ ಬಿಡುವುದು ಇನ್ನೊಂದು. ಎರಡನೆಯದೇ ಮರ್ಯಾದೆ. ಮೊದಲನೆಯದರಲ್ಲಿ ಕಾಲ್ ಊಟಕ್ಕೆ ಹೋದವರ ಖಾಲಿ ಟೇಬಲ್ಲಿನ ಮೇಲೆ ರಿಂಗ್ ಆಗುತ್ತಾ ಇರುತ್ತದೆ. ಯಾರು ಎಲ್ಲಿದ್ದಾರೋ ಗೊತ್ತಿಲ್ಲದಾಗ ಪಾರ್ಕ್ ಮಾಡಬಹುದು. ಕಾಲನ್ನು ಒಂದು ಖಾನೆಯಲ್ಲಿ ನಿಲ್ಲಿಸಿ, ‘ಮೂರರಲ್ಲಿ ನಿಮಗೆ ಕಾಲಿದೆ’ ಅಂತ ಕೂಗಿದರೆ, ಬೇಕಾದವರು ಹತ್ತಿರದ ಯಾವ ಫೋನಿನಿಂದಲಾದರೂ ಎತ್ತಿಕೊಳ್ಳುತ್ತಾರೆ. ಪಕ್ಕದ ಟೇಬಲ್ಲಿನ ರಿಂಗನ್ನು ನಿಮ್ಮ ಫೋನಿಗೆ ಎಳೆದುಕೊಳ್ಳುವ ಪಿಕಪ್ ಕೋಡ್ ಕೂಡ ಇರುತ್ತದೆ, ಸಾಮಾನ್ಯವಾಗಿ ಸ್ಟಾರ್ ಮತ್ತು ಒಂದೆರಡು ಅಂಕಿ. ನನ್ನ ಮಟ್ಟಿಗೆ ಆಫೀಸಿನಲ್ಲಿ ತುಂಬ ಉಪಯೋಗಕ್ಕೆ ಬರುವ, ತುಂಬ ಕಡಿಮೆ ಜನಕ್ಕೆ ಗೊತ್ತಿರುವ ಸೌಲಭ್ಯ ಇದು.

ಇಷ್ಟೆಲ್ಲ ಪೆಟ್ಟಿಗೆಯ ಮಾತಾಯಿತು. ಪೆಟ್ಟಿಗೆಯಿಂದ ಕೈಗೆ ತಂತಿಯಿಲ್ಲದೆ ಬರುವುದು ಹೇಗೆ?

ತಂತಿಯಿಲ್ಲದ ಟೆಲಿಫೋನಿಗೆ ಅಮೆರಿಕದ ಜಾರ್ಜ್ ಸ್ವೈಗರ್ಟ್ ಪೇಟೆಂಟ್ ಪಡೆದದ್ದು 1969ರಲ್ಲಿ. ಆಮೇಲೆ ಬಂದ ಮನೆಬಳಕೆಯ ಫೋನುಗಳು ರೇಡಿಯೋದ ಹಾಗೆ ಮಾತನ್ನು ಹಾಗ್ಹಾಗೇ ಗಾಳಿಗೆ ಬಿಡುತ್ತಿದ್ದವು. ಪಕ್ಕದ ಮನೆಯವರ ಜಗಳ ನಮ್ಮ ಫೋನಿನಲ್ಲಿ ಕೇಳುತ್ತಿತ್ತು. ಆಫೀಸಿಗೆ ಆಗುವಂಥದ್ದು ಬಂದದ್ದು 1992ರಲ್ಲಿ, ಯುರೋಪಿನವರು ಡೆಕ್ಟ್ ಅನ್ನುವ ಡಿಜಿಟಲ್ ಪದ್ಧತಿಯನ್ನು ಗೊತ್ತುಮಾಡಿದಾಗ. ಐಐಟಿ ಮದ್ರಾಸಿನಲ್ಲಿ ಅಶೋಕ್ ಝುಂಝುನ್‌ವಾಲಾ ಅವರ ತಂಡ ಇದೇ ಡೆಕ್ಟ್ ಅನ್ನು ಬಗ್ಗಿಸಿ, ಹಳ್ಳಿಗಳಿಗೆ ತಂತಿಯಿಲ್ಲದೆ ಫೋನ್ ಕೊಡುವ ಕಾರ್‌ಡೆಕ್ಟ್ ಮಾಡಿತು.

ಡೆಕ್ಟ್ ಕೆಲಸ ಮಾಡುವುದು 1880ರಿಂದ 1900 ಮೆಗಾಹರ್ಟ್ಸ್ ನಡುವೆ. ಹತ್ತು ಚಾನೆಲ್. ಒಂದೊಂದು ಚಾನೆಲ್ಲಿನ ಸಮಯವನ್ನೂ 10 ಮಿಲಿಸೆಕೆಂಡಿನ ತುಂಡುಗಳಾಗಿ ಮಾಡಿ, ಪ್ರತಿ ತುಂಡನ್ನು 24 ಮನೆಗಳಾಗಿ ಹಂಚುತ್ತದೆ. ಚೌಕಾಬಾರದ ಮನೆಗಳ ಹಾಗೆ ಅಂದುಕೊಳ್ಳಿ. ಮೊದಲ 12 ಮನೆ ಬೇಸ್ (ಅಂದರೆ ತಂತಿಗೆ ಸೇರಿಸಿಟ್ಟ ರೇಡಿಯೋ ಡಬ್ಬಿ) ಮಾತಾಡುವುದಕ್ಕೆ, ಉಳಿದ 12 ಹ್ಯಾಂಡ್‌ಸೆಟ್‌ಗಳಿಗೆ. ನಿಮ್ಮ ಫೋನು 10 ಮಿಲಿಸೆಕೆಂಡಿನ ದನಿಯನ್ನು 320 ಬಿಟ್ಟಿಗೆ ಹಿಂಡಿ, ತನ್ನ ಮನೆ ಬಂದಾಗ 0.4 ಮಿಲಿಸೆಕೆಂಡಿನಲ್ಲಿ ಗಬಕ್ಕನೆ ಕಳಿಸಿ ಸುಮ್ಮನಾಗುತ್ತದೆ. ಸೆಕೆಂಡಿಗೆ ನೂರು ಸಲ ಹೀಗೆ. ನೀವು ಎಡೆಬಿಡದೆ ಮಾತಾಡುತ್ತಿದ್ದರೂ ಫೋನು ಗಾಳಿಯಲ್ಲಿ ಮಾತಾಡುವುದು 24ರಲ್ಲಿ ಒಂದು ಪಾಲು ಹೊತ್ತು ಮಾತ್ರ. ಹಾಗಾಗಿ ಕಳಿಸುವಾಗ 250 ಮಿಲಿವ್ಯಾಟ್ ಇದ್ದರೂ ಸರಾಸರಿ 10 ಮಿಲಿವ್ಯಾಟ್ ಅಷ್ಟೇ. ಬ್ಯಾಟರಿ ಗಂಟೆಗಟ್ಟಲೆ ಬರುವುದು ಇದಕ್ಕೇ. ಮೈಕ್ರೋವೇವ್ ಒಲೆಯೂ ಸಾಮಾನ್ಯ ವೈಫೈಯೂ 2,400ರ ಆಸುಪಾಸಿನಲ್ಲಿ ಗಲಾಟೆ ಮಾಡಿಕೊಂಡಿರುತ್ತವೆ. ಡೆಕ್ಟ್‌ಗೆ ಅವುಗಳ ಕಾಟವಿಲ್ಲ.

ಆಮೇಲೆ ನಮ್ಮ ಆಫೀಸಿಗೆ ಮಹಡಿಗೊಂದು ಬೇಸ್ ಬಂತು. ಮಾತಾಡುತ್ತಾ ಮೆಟ್ಟಿಲು ಹತ್ತಿದರೂ ಕಟ್ ಆಗಲಿಲ್ಲ. ಇಲ್ಲಿ ನಿರ್ಧಾರ ಮಾಡುವುದು ಬೇಸ್ ಅಲ್ಲ, ಹ್ಯಾಂಡ್‌ಸೆಟ್ಟೇ. ಅದಕ್ಕೆ 24ರಲ್ಲಿ ಎರಡೇ ಮನೆಯ ಕೆಲಸ, ಉಳಿದ ಹೊತ್ತು ಖಾಲಿ. ಆ ಬಿಡುವಿನಲ್ಲಿ ಅಕ್ಕಪಕ್ಕದ ಬೇಸ್‌ಗಳಿಗೆ ಕಿವಿಗೊಟ್ಟು ಕೇಳುತ್ತಿರುತ್ತದೆ. ಯಾವುದೋ ಜೋರಾಗಿ ಕೇಳಿದರೆ, ಹಳೆಯದನ್ನು ಬಿಡುವ ಮೊದಲೇ ಹೊಸದನ್ನು ಹಿಡಿದುಕೊಂಡು ಆಮೇಲೆ ಹಳೆಯದನ್ನು ಬಿಡುತ್ತದೆ, ಕೊಂಬೆಯಿಂದ ಕೊಂಬೆಗೆ ಹೋಗುವ ಮಂಗನ ಹಾಗೆ. ಇದಕ್ಕೆ ಎಲ್ಲ ಬೇಸ್‌ಗಳ ಗಡಿಯಾರವೂ ಒಂದೇ ತಾಳದಲ್ಲಿರಬೇಕು. ಜೊತೆಗೆ ಒಂದು ಬೇಸಿನ ವ್ಯಾಪ್ತಿ ಮುಗಿಯುವ ಮುಂಚೆ ಇನ್ನೊಂದು ಶುರುವಾಗಬೇಕು. ಲಿಫ್ಟ್ ಮಾತ್ರ ಲಿಫ್ಟೇ. ಸುತ್ತಲೂ ಕಬ್ಬಿಣದ ಡಬ್ಬಿ, ಅಲೆ ಒಳಗೆ ಬರಲು ಸಂದಿಯೇ ಇಲ್ಲ.

ಒಂದು ಪ್ರಯೋಗ ಮಾಡಿ ನೋಡಿ. ಬೇಸ್‌ನಿಂದ ದೂರ ಹೋಗಿ ಮಾತು ತುಂಡು ತುಂಡಾಗುವ ಜಾಗದಲ್ಲಿ ನಿಂತು, ತಲೆಯನ್ನು ನಾಲ್ಕು ಬೆರಳಿನಷ್ಟು ಸರಿಸಿ. ಎಷ್ಟೋ ಸಲ ಸರಿಹೋಗುತ್ತದೆ. ಈ ಅಲೆಯ ಉದ್ದ ಸುಮಾರು 16 ಸೆಂಟಿಮೀಟರ್. ನೇರ ಬಂದ ಅಲೆ, ಗೋಡೆಗೆ ಬಡಿದು ಬಂದ ಅಲೆ ಎರಡೂ ಸೇರಿ ಒಂದು ಕಡೆ ಜೋರಾದರೆ, ಅದರಿಂದ ಕೆಲವೇ ಸೆಂಟಿಮೀಟರ್ ಆಚೆ ಒಂದನ್ನೊಂದು ನುಂಗಿಹಾಕುತ್ತವೆ. ಬೇಸ್‌ನಲ್ಲಿ ಎರಡು ಆಂಟೆನಾ ಇರುವುದು ಇದೇ ಕಾರಣಕ್ಕೆ. ಒಂದು ಗುಂಡಿಯಲ್ಲಿ ಬಿದ್ದರೆ ಇನ್ನೊಂದು ದಿಬ್ಬದ ಮೇಲಿರಲಿ ಅಂತ. ಬೇಸನ್ನು ಕಬ್ಬಿಣದ ಬೀರುವಿನ ಹಿಂದೆ ಇಡಬೇಡಿ ಅಂತ ಬೇರೆ ಹೇಳಬೇಕಿಲ್ಲ ಅಲ್ವಾ.

ಗುಟ್ಟಿನ ಮಾತಿಗೆ ಇದು ಸರಿಯೇ? 2008ರ ಡಿಸೆಂಬರಿನಲ್ಲಿ ಬರ್ಲಿನ್ನಿನ ಒಂದು ಹ್ಯಾಕರ್ ಸಮಾವೇಶದಲ್ಲಿ, ಎಷ್ಟೋ ಡೆಕ್ಟ್ ಫೋನುಗಳು ಮಾತಿಗೆ ಬೀಗವನ್ನೇ ಹಾಕುತ್ತಿಲ್ಲ ಅಂತ ತೋರಿಸಿದರು. ಆಮೇಲೆ ನಿಯಮಗಳು ಬಿಗಿಯಾದವು. ಹಳೆ ಸೆಟ್ಟಿನಲ್ಲಿ ಬ್ಯಾಂಕಿನ ಪಾಸ್‌ವರ್ಡ್ ಹೇಳದಿರುವುದು ಒಳ್ಳೆಯದು. ಹೊಸ ಹ್ಯಾಂಡ್‌ಸೆಟ್ ಸೇರಿಸುವಾಗ ಕೇಳುವ ಪಿನ್ನು 0000 ಅಂತಲೇ ಇದ್ದರೆ ಅದನ್ನೂ ಬದಲಿಸಿ.

ಅಮೆರಿಕದಿಂದ ಮಗನೋ ಅಳಿಯನೋ ತಂದ ಕಾರ್ಡ್‌ಲೆಸ್ ಇದ್ದರೆ ಒಂದು ಮಾತು. ಅದರ ಮೇಲೆ ಡೆಕ್ಟ್ 6.0 ಅಂತ ಇರುತ್ತದೆ. ಆ 6.0 ಬರೀ ವ್ಯಾಪಾರದ ಹೆಸರು. ಅದು ಕೆಲಸ ಮಾಡುವುದು 1920ರಿಂದ 1930 ಮೆಗಾಹರ್ಟ್ಸ್‌ನಲ್ಲಿ. ನಮ್ಮಲ್ಲಿ 1920ರಿಂದ ಮೇಲಿನದ್ದು ಮೊಬೈಲುಗಳು ಟವರಿಗೆ ಮಾತು ಕಳಿಸುವ ಜಾಗ, 3ಜಿ ಬಂದಾಗ ಕೊಟ್ಟದ್ದು ಇದನ್ನೇ. ನೀವು ಹಾಲಿನಲ್ಲಿ ಕೂತು ಮಾತಾಡಿದರೆ ಹತ್ತಿರದ ಟವರಿನ ಕಿವಿಗೆ ಕಿರಿಕಿರಿ. ಅದನ್ನು ಬಂದ ಡಬ್ಬಿಯಲ್ಲೇ ಇಡಿ.

ಇನ್ನು ಪೇಜ್ ಬಟನ್. ಬೇಸ್ ಮೇಲೆ ಇರುತ್ತದೆ, ಒತ್ತಿದರೆ ಎಲ್ಲ ಹ್ಯಾಂಡ್‌ಸೆಟ್‌ಗಳೂ ಕೂಗುತ್ತವೆ. ಸುಮ್ಮನಿರುವಾಗ ಹ್ಯಾಂಡ್‌ಸೆಟ್ ನಿದ್ದೆ ಮಾಡುತ್ತಿರುತ್ತದೆ, ಆದರೆ 160 ಮಿಲಿಸೆಕೆಂಡಿಗೆ ಒಮ್ಮೆಯೋ ಇನ್ನೂ ಸ್ವಲ್ಪ ತಡವಾಗಿಯೋ ಕಣ್ಣು ಬಿಟ್ಟು ‘ಕರೆದಿರಾ?’ ಅಂತ ನೋಡಿ ಮತ್ತೆ ಮಲಗುತ್ತದೆ. ಬ್ಯಾಟರಿ ಪೂರ್ತಿ ಖಾಲಿಯಾದರೆ ಕರೆದರೂ ಓ ಅನ್ನುವುದಿಲ್ಲ. ನಮ್ಮ ಏಳನೇ ನಂಬರಿನ ಹ್ಯಾಂಡ್‌ಸೆಟ್ ಹಾಗೇ ಮೂರು ವಾರ ಕಳೆದುಹೋಗಿತ್ತು. ಸಿಕ್ಕಿದ್ದು ಆಯುಧ ಪೂಜೆಗೆ ಆಫೀಸ್ ತೊಳೆಯುವಾಗ, ಸ್ಟೇಷನರಿ ಬೀರುವಿನಲ್ಲಿ, ಎ4 ಹಾಳೆಯ ಕಟ್ಟುಗಳ ಹಿಂದೆ. ಒರೆಸಿ, ಅರಿಸಿನ ಕುಂಕುಮ ಇಟ್ಟು, ಚಾರ್ಜರಿನಲ್ಲಿ ನಿಲ್ಲಿಸಿದೆವು. ಮತ್ತೆ ಸೇರಿಸುವ ಗೋಜೇ ಬೇಕಾಗಲಿಲ್ಲ. ತಾನು ಯಾವ ಬೇಸಿಗೆ ಸೇರಿದ್ದು ಅನ್ನುವುದು ಅದರ ನೆನಪಿನಲ್ಲಿ ಹಾಗೇ ಇತ್ತು. ಸ್ವಲ್ಪ ಹೊತ್ತಿಗೆ ಪರದೆ ಬೆಳಗಿತು, ಬೇಸ್ ಸಿಕ್ಕಿತು, ಮಂಗಳಾರತಿಯ ಮಧ್ಯೆಯೇ ರಿಂಗ್ ಆಯಿತು. ಎತ್ತಿದವರು ಅದೇ ಹಿರಿಯರು. ‘ಅಕೌಂಟ್ಸಾ? ಒಂದ್ನಿಮಿಷ, ಕೊಡ್ತೀನಿ’ ಅಂದು ಬಟನ್ ಒತ್ತಿದರು. ಅಕೌಂಟ್ಸಿನವರೆಲ್ಲ ಪೂಜೆಗೆ ಅಂತ ಕೆಳಗೇ, ಅವರ ಪಕ್ಕದಲ್ಲೇ ನಿಂತಿದ್ದರು.