ಬ್ರೇಕ್ ಆಯಿಲ್ ಇಳಿದಿದೆಯೇ? ಡಬ್ಬಿ ತೆರೆಯುವ ಮೊದಲು

ಮಳೆಗಾಲ ಮುಗಿದ ಹೊಸತರಲ್ಲಿ ತೀರ್ಥಹಳ್ಳಿಯ ನಮ್ಮ ಗ್ಯಾರೇಜಿಗೆ ಒಬ್ಬರು ಮೇಷ್ಟ್ರು ಬಂದರು. ಹಿಂದಿನ ದಿನ ಮನೆಮಂದಿಯೆಲ್ಲ ಉಡುಪಿಗೆ ಹೊರಟಿದ್ದರು. ಕಾರಲ್ಲಿ ಐದು ಜನ, ಡಿಕ್ಕಿ ತುಂಬ ಸಾಮಾನು. ಆಗುಂಬೆ ಘಾಟಿಯನ್ನು ಮೂರನೇ ಗೇರಿನಲ್ಲಿ, ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದಿದ್ದಾರೆ. ಕೊನೆಯ ತಿರುವುಗಳ ಹತ್ತಿರ ಪೆಡಲ್ ಮೆತ್ತಗಾಗಿ ನೆಲಕ್ಕೆ ಹೋಗಿಬಿಟ್ಟಿತಂತೆ. ಗೇರ್ ಇಳಿಸಿ, ಹ್ಯಾಂಡ್ ಬ್ರೇಕ್ ಎಳೆದು ಹೇಗೋ ನಿಲ್ಲಿಸಿದರಂತೆ. ಅರ್ಧ ಗಂಟೆ ಬಿಟ್ಟು ಒತ್ತಿ ನೋಡಿದರೆ ಬ್ರೇಕ್ ಸರಿಯಾಗಿದೆ!

"ಪ್ಯಾಡ್ ಹೊಸದು ಮಾರಾಯ್ರೇ, ಎರಡು ತಿಂಗಳ ಹಿಂದೆ ಹಾಕಿಸಿದ್ದು" ಅಂದರು.

ಚಕ್ರದ ಜೊತೆ ತಿರುಗುವ ಡಿಸ್ಕನ್ನು ಹಿಡಿದು ನಿಲ್ಲಿಸುವ ಈ ಪ್ಯಾಡ್ ನಿಜಕ್ಕೂ ಚೆನ್ನಾಗಿತ್ತು. ಬಾನೆಟ್ ತೆಗೆದು ಬ್ರೇಕ್ ಆಯಿಲ್ ನೋಡಿದೆ. ತಿಳಿ ಜೇನಿನ ಬಣ್ಣ ಇರಬೇಕಾದದ್ದು ಕಾಫಿ ಡಿಕಾಕ್ಷನ್ ಥರ ಆಗಿತ್ತು. ಹಳೆ ಕಾರು ಕೊಂಡು ನಾಲ್ಕು ವರ್ಷ ಆಗಿದೆ, ಕಡಿಮೆಯಾದಾಗ ಸುಮ್ನೆ ತುಂಬಿಸಿದ್ದಾರೆ. ಪೂರ್ತಿ ಬದಲಿಸಿದ್ದೇ ಇಲ್ಲ.

ಬ್ರೇಕ್ ಆಯಿಲ್ ಗಾಳಿಯಲ್ಲಿರುವ ನೀರಿನ ಪಸೆಯನ್ನು ಹೀರಿಕೊಳ್ಳುತ್ತದೆ. ನಮ್ಮ ಮಲೆನಾಡಿನಲ್ಲಂತೂ ಪಸೆಗೆ ಬರವೇ ಇಲ್ಲ. ಹೊಸ ಡಾಟ್ 3 ದರ್ಜೆಯ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಎಂಬುದು ನಿಯಮ. ಅದರಲ್ಲಿ ಶೇಕಡ 3.7ರಷ್ಟು ನೀರು ಸೇರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಈ ಲೆಕ್ಕ 230 ಮತ್ತು 155. ಘಾಟಿ ಇಳಿಯುವಾಗ ಸತತ ಬ್ರೇಕ್ ಒತ್ತಿದರೆ, ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಒಳಗಿನ ಆಯಿಲ್ ಕುದಿದು ಆವಿಯ ಗುಳ್ಳೆ ಏಳುತ್ತದೆ. ಆಯಿಲ್ ಒತ್ತಿದರೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ನಿಮ್ಮ ಕಾಲಿನ ಬಲವೆಲ್ಲ ಆ ಗುಳ್ಳೆ ಕುಗ್ಗಿಸುವುದಕ್ಕೇ ಹೋಗುತ್ತದೆ. ತಣ್ಣಗಾದ ಮೇಲೆ ಗುಳ್ಳೆ ಕರಗಿ ಪೆಡಲ್ ಮತ್ತೆ ಗಟ್ಟಿಯಾಗುತ್ತದೆ. ಅದಕ್ಕೇ ಇಂಥ ತೊಂದರೆ ಗ್ಯಾರೇಜಿಗೆ ಬಂದಾಗ ಕಣ್ಣಿಗೆ ಬೀಳುವುದೇ ಇಲ್ಲ. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ, ಘಾಟಿಯನ್ನು ಎರಡನೇ ಗೇರಿನಲ್ಲೇ ಇಳಿಯಿರಿ.

ಕಡಿಮೆಯಾದಾಗ ತುಂಬಿಸುವುದು ತಪ್ಪೇ ಅಂತ ಕೇಳುತ್ತೀರಿ. ಕಾರಣ ತಿಳಿಯದೆ ತುಂಬಿಸಿದರೆ ತಪ್ಪೇ. ಆಯಿಲ್ ಸುಮ್ಮನೆ ಖರ್ಚಾಗುವ ವಸ್ತುವಲ್ಲ. ಪ್ಯಾಡ್ ಸವೆದಂತೆ ಕ್ಯಾಲಿಪರಿನ ಪಿಸ್ಟನ್ ಮುಂದೆ ಬರುತ್ತದೆ, ಆ ಜಾಗ ತುಂಬಲು ಆಯಿಲ್ ಕೆಳಗೆ ಹೋಗುತ್ತದೆ. ಮಟ್ಟ ತಿಂಗಳುಗಟ್ಟಲೆ ನಿಧಾನವಾಗಿ ಇಳಿದಿದ್ದರೆ ಮೊದಲು ಪ್ಯಾಡ್ ನೋಡಿ. ಇದ್ದಕ್ಕಿದ್ದಂತೆ ಇಳಿದಿದ್ದರೆ ಎಲ್ಲೋ ಸೋರುತ್ತಿದೆ. ನಾಲ್ಕೂ ಚಕ್ರದ ಒಳಬದಿ, ಹಿಂದಿನ ಡ್ರಮ್ಮಿನ ಕೆಳಭಾಗ, ಪೆಡಲ್ ಹತ್ತಿರದ ಮ್ಯಾಟ್, ಎಲ್ಲ ಮುಟ್ಟಿ ನೋಡಿ. ಒದ್ದೆ ಕಂಡರೆ ಕಾರು ಓಡಿಸಬೇಡಿ, ಮೆಕ್ಯಾನಿಕ್‌ನನ್ನೇ ಮನೆಗೆ ಕರೆಸಿ. ಇನ್ನೊಂದು ಮಾತು. "ಆಯಿಲ್" ಎಂಬ ಹೆಸರು ಕೇಳಿ ಇಂಜಿನ್ ಆಯಿಲ್ ಸುರಿದವರನ್ನು ನೋಡಿದ್ದೇನೆ. ಒಳಗಿನ ರಬ್ಬರ್ ಸೀಲ್‌ಗಳೆಲ್ಲ ಉಬ್ಬಿ ಹಾಳಾಗುತ್ತವೆ. ಕಾರಿನ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಯಾವ ಡಾಟ್ ಎಂದು ಬರೆದಿರುತ್ತದೆ, ಅದನ್ನೇ ಹಾಕಿ.

ಇನ್ನು ಪೆಡಲ್. ಮನೆಯಂಗಳದಲ್ಲಿ ಕಾರು ನಿಲ್ಲಿಸಿಕೊಂಡೇ ಅರ್ಧ ಕಾಯಿಲೆ ಹಿಡಿಯಬಹುದು. ಇಂಜಿನ್ ಆಫ್ ಮಾಡಿ, ಪೆಡಲನ್ನು ನಾಲ್ಕೈದು ಸಲ ಒತ್ತಿ ಬಿಡಿ. ಅದು ಗಟ್ಟಿಯಾಗುತ್ತದೆ. ಕಾಲು ಒತ್ತಿಟ್ಟುಕೊಂಡೇ ಇಂಜಿನ್ ಸ್ಟಾರ್ಟ್ ಮಾಡಿ. ಪೆಡಲ್ ತುಸು ಕೆಳಗಿಳಿದರೆ ಕಾಲಿನ ಬಲವನ್ನು ಹೆಚ್ಚಿಸುವ ಬೂಸ್ಟರ್ ಸರಿ ಇದೆ. ಅಲ್ಲಾಡದೆ ಕಲ್ಲಿನಂತೆ ನಿಂತರೆ ಬೂಸ್ಟರಿನಲ್ಲೋ ಅದಕ್ಕೆ ಹೋಗುವ ಪೈಪಿನಲ್ಲೋ ತೊಂದರೆ. ಹಾಗೇ ಒಂದು ನಿಮಿಷ ಒತ್ತಿ ಹಿಡಿಯಿರಿ. ಪೆಡಲ್ ಮೆಲ್ಲಗೆ ಕುಸಿಯುತ್ತಾ ಹೋಗಿ, ಹೊರಗೆ ಎಲ್ಲೂ ಸೋರಿಕೆ ಇಲ್ಲದಿದ್ದರೆ, ಆಯಿಲನ್ನು ಚಕ್ರಗಳ ಕಡೆಗೆ ತಳ್ಳುವ ಮಾಸ್ಟರ್ ಸಿಲಿಂಡರ್ ಒಳಗಿನ ಸೀಲ್ ಸೋತಿರುವುದೇ ಹೆಚ್ಚು. ಮೊದಲ ಸಲ ಆಳಕ್ಕೆ ಹೋಗಿ, ಪಂಪ್ ಮಾಡಿದಾಗ ಮೇಲೆ ಬಂದರೆ ಪೈಪಿನಲ್ಲಿ ಗಾಳಿ ಸೇರಿರಬಹುದು, ಇಲ್ಲವೇ ಹಿಂದಿನ ಡ್ರಮ್ಮನ್ನು ಒಳಗಿನಿಂದ ಒತ್ತಿ ಹಿಡಿಯುವ ಶೂ ಅಡ್ಜಸ್ಟ್‌ಮೆಂಟ್ ತಪ್ಪಿರಬಹುದು. ಜೋರಾಗಿ ಬ್ರೇಕ್ ಹೊಡೆದಾಗ ಕಾಲಿಗೆ ಟರ್ ಟರ್ ಅಂತ ಬಡಿದರೆ ಹೆದರಬೇಡಿ, ಅದು ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುವ ಎಬಿಎಸ್ ಕೆಲಸ ಮಾಡುವ ರೀತಿ.

ಬ್ರೇಕ್ ಒತ್ತಿದಾಗ ಕಾರು ಎಡಕ್ಕೆ ಎಳೆಯುತ್ತದೆ ಅಂತ ಎಡಗಡೆ ಚಕ್ರ ಬಿಚ್ಚುವವರೇ ಜಾಸ್ತಿ. ಎಡಗಡೆ ಬ್ರೇಕ್ ಚೆನ್ನಾಗಿ ಹಿಡಿದು, ಬಲಗಡೆಯದು ಹಿಡಿಯದೇ ಇದ್ದರೂ ಹೀಗೇ ಆಗುತ್ತದೆ ಅಲ್ವಾ? ಎರಡೂ ಕಡೆ ನೋಡಬೇಕು. ಹತ್ತು ಕಿಲೋಮೀಟರ್ ಓಡಿಸಿ ಬಂದು ಚಕ್ರಗಳ ಹತ್ತಿರ ಕೈ ಹಿಡಿಯಿರಿ, ಡಿಸ್ಕ್ ಮುಟ್ಟಬೇಡಿ. ಒಂದು ಮಾತ್ರ ತುಂಬಾ ಕಾಯ್ದಿದ್ದರೆ ಅಲ್ಲಿ ಬ್ರೇಕ್ ಕಚ್ಚಿಕೊಂಡೇ ಇದೆ. ಹೆಚ್ಚಿನ ಸಲ ಕ್ಯಾಲಿಪರ್ ಆಚೀಚೆ ಜಾರಲು ಇರುವ ಸ್ಲೈಡ್ ಪಿನ್ ತುಕ್ಕು ಹಿಡಿದಿರುತ್ತದೆ. ಅಂಥ ಕಡೆ ಒಂದೇ ಚಕ್ರದಲ್ಲಿ ಒಂದು ಪ್ಯಾಡ್ ಪೂರ್ತಿ ಸವೆದು, ಜೊತೆಯದು ಹೊಸದರಂತೆ ಇರುತ್ತದೆ. ಪಿನ್ ಬಿಚ್ಚಿ ಒರೆಸಿ, ಬ್ರೇಕಿಗೆಂದೇ ಸಿಗುವ ಗ್ರೀಸ್ ಹಚ್ಚಿದರೆ ಸಾಕು. ಇದನ್ನು ಮಾಡದೆ ಬರೀ ಹೊಸ ಪ್ಯಾಡ್ ಹಾಕಿದರೆ ಅದೂ ಹಾಗೇ ಸವೆಯುತ್ತದೆ.

ಮಳೆಗಾಲದಲ್ಲಿ ವಾರಗಟ್ಟಲೆ ಕಾರು ನಿಲ್ಲಿಸುವವರು ಹ್ಯಾಂಡ್ ಬ್ರೇಕ್ ಎಳೆದಿಡಬೇಡಿ, ಶೂ ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ಸಮತಟ್ಟು ಜಾಗದಲ್ಲಿ ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ.

ಮುಂದಿನ ಪ್ಯಾಡನ್ನು ಮನೆಯಲ್ಲೇ ಬದಲಿಸಬಹುದು. ಪ್ಯಾಡಿನ ಸವೆಯುವ ಪದರ, ಅಂದರೆ ಲೈನಿಂಗ್, 3 ಮಿಲಿಮೀಟರಿಗೆ ಇಳಿದರೆ ಬದಲಿಸಿ, ಯಾವಾಗಲೂ ಎರಡೂ ಕಡೆ ಒಟ್ಟಿಗೆ. ಬರೀ ಜಾಕಿ ನಂಬಿ ಕೂರಬೇಡಿ, ಸ್ಟ್ಯಾಂಡ್ ಕೊಡಿ, ಹಿಂದಿನ ಚಕ್ರಗಳಿಗೆ ಕಲ್ಲಿಡಿ. ಕ್ಯಾಲಿಪರನ್ನು ರಬ್ಬರ್ ಪೈಪಿನಲ್ಲಿ ನೇತಾಡಲು ಬಿಡದೆ ತಂತಿಯಿಂದ ಕಟ್ಟಿ. ಬ್ರೇಕಿನ ದೂಳನ್ನು ಬಾಯಿಂದ ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಪಿಸ್ಟನ್ ಹಿಂದಕ್ಕೆ ಒತ್ತುವಾಗ ಒಂದು ಕಣ್ಣು ಆಯಿಲ್ ಡಬ್ಬಿಯ ಮೇಲಿರಲಿ. ಆಗಾಗ ತುಂಬಿಸಿದ ಡಬ್ಬಿ ಈಗ ಉಕ್ಕಿ ಬರುತ್ತದೆ. ಚೆಲ್ಲಿದ ಆಯಿಲ್ ಬಣ್ಣವನ್ನು ತಿನ್ನುತ್ತದೆ, ಕೂಡಲೇ ನೀರು ಸುರಿಯಿರಿ. ಮಾಸ್ಟರ್ ಸಿಲಿಂಡರ್, ಕಬ್ಬಿಣದ ಪೈಪು, ಎಬಿಎಸ್ ದೀಪ ಇವಕ್ಕೆ ಮನೆಯಲ್ಲಿ ಕೈ ಹಾಕಬೇಡಿ.

ಎಲ್ಲ ಜೋಡಿಸಿದ ಮೇಲೆ ಮೊದಲ ಸಲ ಒತ್ತಿದರೆ ಪೆಡಲ್ ನೆಲಕ್ಕೇ ಹೋಗುತ್ತದೆ, ಯಾಕೆಂದರೆ ಪಿಸ್ಟನ್ ಇನ್ನೂ ಪ್ಯಾಡನ್ನು ಮುಟ್ಟಿಲ್ಲ. ನಮ್ಮಲ್ಲಿ ಕೆಲಸ ಕಲಿಯಲು ಬಂದಿದ್ದ ಹುಡುಗನೊಬ್ಬ ಇದನ್ನು ಮರೆತು ರಿವರ್ಸ್ ತೆಗೆದ. ಕಾರು ಹೋಗಿ ಕಾಂಪೌಂಡಿಗೆ ಗುದ್ದಿತು. ಅಲ್ಲಿ ಯಾರೂ ನಿಂತಿರಲಿಲ್ಲ. ಅಂದಿನಿಂದ ನಮ್ಮ ಗ್ಯಾರೇಜಿನಲ್ಲಿ ಪೆಡಲ್ ಗಟ್ಟಿಯಾಗುವ ತನಕ ಒತ್ತಿ, ಇನ್ನೊಬ್ಬರಿಂದಲೂ ಒತ್ತಿಸಿ ನೋಡಿದ ಮೇಲೆಯೇ ಕೀಲಿ ಕೊಡುತ್ತೇವೆ.